ಅಪ್ಪನ ಸಂದೇಶವೂ ನನ್ನ ಕೈಪಿಡಿಯೂ

ನನ್ನ ಬರಹವನ್ನು ಒಂದಕ್ಷರ ಬಿಡದೆ ಓದುವ ಓದುಗ ಕೊನೆಗೂ ಸಿಕ್ಕಿದ್ದಾನೆ. ಅವನು ಮನುಷ್ಯನಲ್ಲ ಅನ್ನುವುದೊಂದೇ ಕೊರತೆ.

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ಒಂದು ಕಂಪನಿಯ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುತ್ತೇನೆ. ಇಷ್ಟು ವರ್ಷ ಮನುಷ್ಯರಿಗಾಗಿ ಬರೆದೆ. ಮನುಷ್ಯರು ಕೈಪಿಡಿ ಓದುತ್ತಾರೆಯೇ? ನಮ್ಮ ಮಿಕ್ಸಿಯ ಕೈಪಿಡಿ ಇವತ್ತಿಗೂ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬಂದಿಲ್ಲ. ಮಿಕ್ಸಿ ಮಾತ್ರ ಸುಟ್ಟು ರಿಪೇರಿಯಾಗಿ ಬಂದಿದೆ. ಈಗ ಎಐ ಏಜೆಂಟುಗಳಿಗಾಗಿ ಬರೆಯುವ ಕೆಲಸ ಸಿಕ್ಕಿದೆ. ಏಜೆಂಟ್ ಅಂದರೆ ನಮ್ಮ ಪರವಾಗಿ ಕಂಪ್ಯೂಟರಿನೊಳಗೆ ಓಡಾಡಿ ಕೆಲಸ ಮಾಡಿಕೊಂಡು ಬರುವ ಯಂತ್ರಬುದ್ಧಿ. ನಾನು ಬರೆದದ್ದನ್ನು ಅದು ಶ್ರದ್ಧೆಯಿಂದ ಓದುತ್ತದೆ, ಬರೆದಷ್ಟೇ ಮಾಡುತ್ತದೆ. ಇಂಥ ವಿಧೇಯತೆಯನ್ನು ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಕಂಡದ್ದಿಲ್ಲ, ನನ್ನನ್ನೂ ಸೇರಿಸಿ.

ಈ ಸಲ ನಾನು ವಿವರಿಸಬೇಕಾಗಿದ್ದದ್ದು ಏಜೆಂಟ್ ಬಳಸುವ ಒಂದು ಚಿಕ್ಕ ಸಾಫ್ಟ್‌ವೇರ್ ಉಪಕರಣ. ಒಂದು ಸಂದೇಶದ ಗುರುತಿನ ಸಂಖ್ಯೆ ಕೊಟ್ಟರೆ ಅದರ ವಿವರವನ್ನೆಲ್ಲ ತಂದುಕೊಡುತ್ತದೆ: ಕಳಿಸಿದವರು ಯಾರು, ಯಾವಾಗ, ಪೂರ್ತಿ ಏನು ಹೇಳಿದ್ದಾರೆ. ಇದಕ್ಕೊಬ್ಬ ಅಣ್ಣನಂಥ ಇನ್ನೊಂದು ಉಪಕರಣವಿದೆ, ಅವನು ಸಂದೇಶಗಳನ್ನು ಹುಡುಕಿ ಪ್ರತಿಯೊಂದರ ಮೊದಲ ಸಾಲು ಮಾತ್ರ ತೋರಿಸುತ್ತಾನೆ. ತೊಂದರೆ ಏನೆಂದರೆ, ಏಜೆಂಟ್ ಆ ಮೊದಲ ಸಾಲನ್ನೇ ನೋಡಿ ಎಲ್ಲ ತಿಳಿಯಿತೆಂದುಕೊಂಡು ಉತ್ತರ ಬರೆದುಬಿಡುತ್ತಿತ್ತು. ಹಾಗೆ ಮಾಡಬೇಡಪ್ಪ ಎಂದು ಅದಕ್ಕೆ ಮನದಟ್ಟಾಗುವಂಥ ಒಂದು ವಾಕ್ಯ ಬೇಕಿತ್ತು. ಬೆಳಿಗ್ಗೆಯಿಂದ ಬರೆದು ಬರೆದು ಅಳಿಸುತ್ತ ಕೂತಿದ್ದೆ.

ಅಷ್ಟರಲ್ಲಿ ಅಪ್ಪ ಯಾವುದೋ ಧ್ವನಿಸಂದೇಶ ಕೇಳಿ ಮುಗಿಸಿ, ಫೋನನ್ನು ಕಿವಿಯಿಂದ ಇಳಿಸಿ ಅಡಿಗೆಮನೆಯ ಕಡೆ ತಿರುಗಿದರು. "ಹಡಗಲಿಯಿಂದ ನಿನ್ನ ತಂಗಿ ಮಾತಾಡಿ ಕಳಿಸ್ಯಾಳ. ಗುರುವಾರ ಹೊಸ ಮನಿ ಪ್ರವೇಶ ಐತಂತ. ಬಾ ಅಂದಾಳ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಷ್ಟ ಏನ್ರಿ?"

"ಅಷ್ಟ."

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಅಪ್ಪ ನಿವೃತ್ತ ಬಸ್ ಕಂಡಕ್ಟರ್. ಕೂಡ್ಲಿಗಿ, ಹರಪನಹಳ್ಳಿ ಎಂದು ಸುತ್ತುತ್ತ "ಹೋಲ್ಡಾನ್", "ರೈಟ್" ಎಂಬ ಎರಡು ಮಾತಿನಲ್ಲಿ ಸಂಸಾರ ಸಾಗಿಸಿದವರು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ, "ಸದ್ದಲೇ" ಎಂದು ಜನರನ್ನು ಸುಮ್ಮನಿರಿಸಿ, ಒಂದೇ ಸಾಲಿನ ಭವಿಷ್ಯವಾಣಿ, ಅಂದರೆ ಕಾರ್ಣಿಕ, ನುಡಿದು ಕೆಳಗೆ ಧುಮುಕುತ್ತಾನೆ. ಆ ಸಾಲಿಗೆ ಮಳೆ ಅಂತ ಒಬ್ಬರು, ಬೆಳೆ ಅಂತ ಒಬ್ಬರು, ಸರ್ಕಾರ ಬೀಳುತ್ತದೆ ಅಂತ ಇನ್ನೊಬ್ಬರು ವರ್ಷವಿಡೀ ಅರ್ಥ ಹಚ್ಚುತ್ತಾರೆ. ನಮ್ಮ ಮನೆಯಲ್ಲಿ ಕಾರ್ಣಿಕ ದಿನಾ ಆಗುತ್ತದೆ. ಯಾರದೋ ಮದುವೆಗೆ ಹೋಗಿ ಬಂದ ಅಪ್ಪ "ಚೊಲೋ ಆತು" ಅಂದರೆ, "ನಿಮ್ಮಪ್ಪನ ಕಾರ್ಣಿಕ ಆತು, ಅರ್ಥ ಹಚ್ಚೂದು ನಮ್ಮ ಪಾಡು" ಅನ್ನುತ್ತಾಳೆ ಅವ್ವ. ಊಟಕ್ಕೇನಿತ್ತು, ಸೊಸೆ ಹೇಗಿದ್ದಾಳೆ, ಬೀಗರು ಮುಖ ಗಂಟು ಹಾಕಿಕೊಂಡಿದ್ದರೋ ಇಲ್ಲವೋ, ಒಂದೊಂದನ್ನೂ ಕೇಳಿ ಕೇಳಿ ಹೊರಗೆಳೆಯುವುದು ಅವಳಿಗೆ ಖುಷಿಯ ಕೆಲಸ.

ಅವತ್ತು ಮಾತ್ರ ಅವಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅವಳ ತಂಗಿ, ನಮ್ಮ ಚಿಗವ್ವ, ಮಗಳ ಮದುವೆಗೆ ಕರೆಯಲು ಮನೆಗೆ ಬಂದಿರಲಿಲ್ಲ; ಲಗ್ನಪತ್ರಿಕೆಯನ್ನು ಬಸ್ಸಿನಲ್ಲಿ ಕೊಟ್ಟು ಕಳಿಸಿದ್ದಳು. ಕುಂಕುಮ ಹಚ್ಚಿ ಕರೆಯದಿದ್ದರೆ ನಮ್ಮ ಕಡೆ ಒಡಹುಟ್ಟಿದವರೂ ಹೊಸ್ತಿಲು ತುಳಿಯುವುದಿಲ್ಲ. ಅವ್ವ ಮದುವೆಗೆ ಹೋಗಲಿಲ್ಲ, ಅಲ್ಲಿಂದ ಅಕ್ಕತಂಗಿಯರ ಮಾತು ನಿಂತಿತ್ತು. ಈಗ ಈ ಕರೆಯೂ ಹೀಗೆ ಬಂದರೆ ಮುಗಿದೇ ಹೋಯಿತಲ್ಲ!

"ಬಾ ಅಂದಾಳಂತ. ಆಕಿ ಅನ್ನಬೇಕು, ನಾ ಓಡಬೇಕು," ಅವ್ವ ಹೆಂಚಿಗೆ ಹೇಳಿದಳು. ಆಮೇಲೆ ಅಪ್ಪನಿಗೆ, "ನಾ ಬರಂಗಿಲ್ಲ ಅಂತ ಹೇಳಿಬಿಡ್ರಿ."

ಅಪ್ಪ ಉತ್ತರ ಕಳಿಸಲು ಫೋನು ಎತ್ತಿಕೊಂಡರು. ಬೆಳಿಗ್ಗೆಯಿಂದ ನಾನು ಯಾವ ತಪ್ಪನ್ನು ತಡೆಯುವ ವಾಕ್ಯ ಹುಡುಕುತ್ತಿದ್ದೆನೋ ಅದು ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. "ಅಪ್ಪಾ, ಹೋಲ್ಡಾನ್!" ಎಂದು ಕೂಗಿದೆ. ಆ ಮಾತಿಗೆ ಅವರ ಕೈ ತಾನಾಗಿ ನಿಂತಿತು.

ಫೋನು ಇಸಿದುಕೊಂಡು ಅಡಿಗೆಮನೆಗೆ ಹೋಗಿ, ಚಿಗವ್ವನ ಸಂದೇಶವನ್ನು ಅವ್ವನಿಗೆ ಕೇಳುವಂತೆ ಮೊದಲಿಂದ ಹಾಕಿದೆ. "ಭಾವಾರ, ಇದನ್ನ ಅಕ್ಕಗ ಕೇಳಸ್ರಿ" ಎಂದೇ ಶುರುವಾಯಿತು. ಅಯ್ಯೋ ಅಪ್ಪಾ! ಮೊದಲು ಮಲ್ಲಿಗೆ ಗಿಡದ ಸುದ್ದಿ ಬಂತು. ಆಮೇಲೆ ಮೇಸ್ತ್ರಿಯ ಮೇಲೆ ದೂರು, ನಡುವೆ ಅಂಗಳಕ್ಕೆ ನುಗ್ಗಿದ ಆಡಿಗೆ ಬೈಗುಳ. ಅದಾದ ಮೇಲೆ ಚಿಗವ್ವನ ದನಿ ತಗ್ಗಿತು.

"ಅಕ್ಕಾ, ಕುಂಕುಮ ತಗೊಂಡು ಬರಬೇಕಂದ್ರ ಮೊಣಕಾಲು ಹಿಡಕೊಂಡು ಕುಂದ್ರಿಸ್ಯಾವ. ಅವತ್ತು ಬಸ್ಸಿನಾಗ ಕಾರ್ಡ್ ಕಳಿಸಿ ತಪ್ಪು ಮಾಡೀನಿ. ಅವ್ವ ಹೋದಮ್ಯಾಲೆ ನನಗ ನೀನ ಅವ್ವ. ಹಾಲು ನೀನ ಉಕ್ಕಿಸಬೇಕು. ನೀ ಬರೂತನಕ ಆ ಮನ್ಯಾಗ ಒಲಿ ಹೊತ್ತಸಂಗಿಲ್ಲ ನೋಡು."

ಹೆಂಚಿನ ಮೇಲೆ ರೊಟ್ಟಿ ಕರಿಕಾಗುತ್ತಿತ್ತು. ಹಿಟ್ಟಿನ ಕೈಯಲ್ಲೇ ಅವ್ವ ಕಣ್ಣೊರೆಸಿಕೊಂಡು ಹುಬ್ಬು ಬಿಳಿ ಮಾಡಿಕೊಂಡಳು. "ಇದೆಲ್ಲ ನಿಮಗ ಕೇಳಲಿಲ್ಲೇನ್ರಿ?"

"ಕೇಳ್ತಲ್ಲ. ಅದನ್ನ ಹೇಳೀನಿ, ಬಾ ಅಂದಾಳ ಅಂತ."

ನಿಜ ಹೇಳಬೇಕೆಂದರೆ ಅಪ್ಪನ ಮಾತಿನಲ್ಲಿ ಸುಳ್ಳಿರಲಿಲ್ಲ. ಸಾರಾಂಶ ಸರಿಯಾಗಿಯೇ ಇತ್ತು. ಅದರೊಳಗೆ ಚಿಗವ್ವ ಇರಲಿಲ್ಲ, ಅಷ್ಟೇ. ನಾನು ಹೋಗಿ ವಾಕ್ಯ ಬರೆದು ಮುಗಿಸಿದೆ: ಮೊದಲ ಸಾಲು ನೋಡಿ ಉತ್ತರ ಕೊಡಬೇಡ, ಪೂರ್ತಿ ಸಂದೇಶ ತರಿಸಿಕೊಂಡು ಕೊನೆಯತನಕ ಓದು, ಆಮೇಲೆ ಮಾತಾಡು. ಏಜೆಂಟ್ ಪಾಪ ಹಾಗೆಯೇ ಮಾಡುತ್ತಿದೆ. ಅಪ್ಪನಿಗೂ ಒಂದು ಪ್ರತಿ ಕೊಡಬಹುದಿತ್ತು. ಆದರೆ ಅವರು ಮನುಷ್ಯರು, ಓದುವುದಿಲ್ಲ.

ಅವ್ವ ಬುಧವಾರವೇ ಹಡಗಲಿ ಬಸ್ಸು ಹತ್ತಿದಳು. ಗುರುವಾರ ಬೆಳಿಗ್ಗೆ ಅಪ್ಪನೂ ನಾನೂ ಹೊರಡುವ ಹೊತ್ತಿಗೆ ಚಿಗವ್ವನ ಫೋನಿನಿಂದ ಅವ್ವನ ಧ್ವನಿಸಂದೇಶ ಬಂತು. ಅಪ್ಪ ಕಿವಿಗೆ ಹಿಡಿದು ಕೇಳಿದರು. ಮತ್ತೊಮ್ಮೆ ಹಾಕಿ ಕೇಳಿದರು.

"ಏನಂತಪ್ಪಾ?"

"ಹಾಲು ಉಕ್ಕಿತಂತ."

ಕಾರ್ಣಿಕ ಆಯಿತು ಎಂದುಕೊಂಡು ಫೋನಿಗೆ ಕೈ ಚಾಚಿದೆ. ಅಪ್ಪ ಕೊಡಲಿಲ್ಲ. ನಾನು ಮತ್ತೆ ಕೇಳದೆಯೇ, ತಾವಾಗಿ ಹೇಳಿದರು: "ಮೂಡಲ ಕಡಿಗೆ ಉಕ್ಕೇತಂತ. ಪಾತ್ರಿ ಇಬ್ರೂ ಕೂಡಿ ಹಿಡಿದಿದ್ರಂತ. ನಿಮ್ಮವ್ವ ಒಂದು ಕಡಿ ಅಳಾಕತ್ಯಾಳ, ನಿಮ್ಮ ಚಿಗವ್ವ ಇನ್ನೊಂದು ಕಡಿ."

ಅಷ್ಟು ಮಾತಾಡಿ ಸುಸ್ತಾದವರಂತೆ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡು, "ರೈಟ್, ನಡಿ" ಎಂದರು.