ಖಾಲಿ ಪಟ್ಟಿಗೆ ಹಸಿರು ದೀಪ

ನನ್ನ ಬಲಗೈಯಲ್ಲಿ ಈಗ ಉಳಿದಿರುವುದು ಮೂರು ಬೆರಳು, ಅವೂ ಕೊಕ್ಕೆಯ ಹಾಗೆ ಬಾಗಿವೆ. ಕೇಳಿದವರಿಗೆ ಕರೆಂಟ್ ಹೊಡೆಯಿತು ಎಂದಷ್ಟೇ ಹೇಳಿ ಬಾಯಿ ಮುಚ್ಚಿಸುತ್ತೇನೆ. ಅದು ಅರ್ಧ ನಿಜ. ಉಳಿದರ್ಧ ನನ್ನ ತಮ್ಮ ಬರೆದ ಮೂರು ಸಾಲಿನ ಕಂಪ್ಯೂಟರ್ ಕೋಡು.

ನಾವು ಬನವಾಸಿ ಕಡೆಯ ಒಕ್ಕಲು ಮಂದಿ. ಕಾಡಿನಂಚಿಗೆ ನಮ್ಮ ಗೋವಿನಜೋಳದ ಹೊಲ. ಅಪ್ಪ ಹೋದ ಮೇಲೆ ಹೊಲ ನೋಡುವವರು ಕಾಕಾ ಮತ್ತು ನಾನು. ತಮ್ಮ ಶಿರಸಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾನೆ, ದಿನಾ ಬಸ್ಸಿಗೆ ಹೋಗಿ ಬರುತ್ತಾನೆ. ಅವನಿಗಿಂತ ಮೊದಲೇ ನಾನೂ ಅದನ್ನೇ ಓದಿದವಳು. ನೌಕರಿ ಬೇಡ, ಹೊಲವೇ ಸಾಕು ಎಂದು ಬಂದೆ. ಆದರೆ ಚಟ ಬಿಡಲಿಲ್ಲ. ರೊಟ್ಟಿ ಬಡಿಯುತ್ತ ಅವನ ಜೊತೆ ಪಂದ್ಯ ಕಟ್ಟುತ್ತಿದ್ದೆ, ಒಂದೇ ಲೆಕ್ಕಕ್ಕೆ ಯಾರ ಕೋಡು ಗಿಡ್ಡ ಎಂದು. ಗೆಲ್ಲುತ್ತಿದ್ದವನು ಅವನೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಮಳೆಗಾಲ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಂದಿಗಳು ಬಂದವು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಒಂದು ಬೆಳಿಗ್ಗೆ ಬದುವಿನ ಕಲ್ಲುಗಳ ನಡುವೆ ಒಂದು ಹಂದಿಯ ಕಾಲು ಸಿಕ್ಕಿಬಿದ್ದಿತ್ತು. ಕಾಕಾ ಹಾರೆ ತಂದ. ಮೊದಲ ಏಟು ಬೆನ್ನಿಗೆ ಬಿತ್ತು, ಹಂದಿ ಮನುಷ್ಯರ ಹಾಗೆ ಕೂಗಿತು. ಬೇಡ ಎನ್ನಬಹುದಿತ್ತು. ನಾನು ತಲೆಗೆ ಹೊಡಿ ಅಂದೆ. ಅದು ಸುಮ್ಮನಾದ ಮೇಲೂ ಕಾಕಾ ಹೊಡೆಯುತ್ತಲೇ ಇದ್ದ, ಅವನ ಬಿಳಿ ಬನಿಯನ್ನಿನ ಮೇಲೆಲ್ಲ ರಕ್ತ ಹಾರಿತ್ತು. ಆ ದಿನ ನನಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

ಆಮೇಲೆ ತಮ್ಮ ಝಟಕಾ ಮಷೀನು ತಂದು ಬೇಲಿಯ ತಂತಿಗೆ ಜೋಡಿಸಿದ. ಅದರ ಕರೆಂಟು ಸತತ ಹರಿಯುವುದಿಲ್ಲ. ಒಂದು ಹೊಡೆತ, ಸ್ವಲ್ಪ ಬಿಡುವು, ಮತ್ತೆ ಹೊಡೆತ. ಮುಟ್ಟಿದ ಪ್ರಾಣಿ ಬಿಡುವಿನಲ್ಲಿ ಬಿಡಿಸಿಕೊಂಡು ಓಡುತ್ತದೆ, ಸಾಯುವುದಿಲ್ಲ. ಮಷೀನು ಕೆಟ್ಟು ಬಿಡುವಿಲ್ಲದೆ ಹೊಡೆದರೆ ಮಾತ್ರ ಅಪಾಯ. ಬೆಳಿಗ್ಗೆ ನಮ್ಮ ಹಸುವಿನ ಕಡಸನ್ನು ಹಿಡಿದುಕೊಂಡು ಆ ತಂತಿಯ ಪಕ್ಕದಲ್ಲೇ ಹುಲ್ಲು ಕೊಯ್ಯುವವಳು ನಾನು. ಕೆಟ್ಟರೆ ಹೋಗುವುದು ನನ್ನ ಜೀವ.

ಅದಕ್ಕೇ ತಮ್ಮ ಮಷೀನಿಗೆ ಒಂದು ಸಣ್ಣ ಬೋರ್ಡು ಕೂರಿಸಿದ. ಹೊಡೆತಕ್ಕೆ ಒಂದು, ಬಿಡುವಿಗೆ ಸೊನ್ನೆ, ಹೀಗೆ ಪಟ್ಟಿ ಅವನ ಫೋನಿಗೆ ಬರುತ್ತಿತ್ತು. ಪಟ್ಟಿಯಲ್ಲಿ ಎರಡು ಒಂದುಗಳು ಅಕ್ಕಪಕ್ಕ ಬರಕೂಡದು. ಅದನ್ನು ನೋಡುವ ಕೋಡು ಮೂರೇ ಸಾಲು. ಪಟ್ಟಿಯಲ್ಲಿ ಎರಡಕ್ಕಿಂತ ಕಡಿಮೆ ಅಂಕಿ ಇದ್ದರೆ ಸರಿ. ಮೊದಲ ಎರಡೂ ಹೊಡೆತವಾಗಿದ್ದರೆ ತಪ್ಪು. ಇಲ್ಲವೆಂದರೆ ಮೊದಲಿನದನ್ನು ಬಿಟ್ಟು, ಉಳಿದ ಪಟ್ಟಿಗೆ ಇದೇ ಪ್ರಶ್ನೆಯನ್ನು ಮೊದಲಿನಿಂದ ಕೇಳು. ಅವರೆಕಾಯಿ ಸುಲಿದ ಹಾಗೆ ಒಂದೊಂದೇ ಕಳಚುತ್ತ ಕೋಡು ತನ್ನನ್ನು ತಾನೇ ಕರೆಯುತ್ತ ಹೋಗುತ್ತದೆ. ಸರಿ ಇದ್ದರೆ ಫೋನಿನಲ್ಲಿ ಹಸಿರು, ತಪ್ಪಿದರೆ ಕೆಂಪು.

ನಾನು ಬರೆದದ್ದು ನಾಲ್ಕು ಸಾಲು. ಪಟ್ಟಿ ಖಾಲಿ ಇದ್ದರೆ ತಪ್ಪು ಎಂಬುದೊಂದು ಹೆಚ್ಚಿಗೆ ಇತ್ತು. ತಮ್ಮ ನಕ್ಕು ಅದನ್ನು ಅಳಿಸಿದ.

"ಖಾಲಿ ಇದ್ರ ಅದರಾಗ ತಪ್ಪೆಲ್ಲೈತಿ ಅಕ್ಕಾ?"

ಮಾತು ಸರಿಯಾಗಿಯೇ ಕೇಳಿಸಿತು. ಏನೂ ಇಲ್ಲದ ಕಡೆ ತಪ್ಪು ಎಲ್ಲಿಂದ ಹುಡುಕಲಿ? ಮತ್ತೆ ಸೋತೆ ಅಂತ ಸಿಟ್ಟಿನಿಂದ ಒಲೆ ಊದಲು ಹೋದೆ.

ಕಾಕಾನಿಗೆ ಆ ಮಷೀನು ಕಂಡರೆ ಆಗುತ್ತಿರಲಿಲ್ಲ. "ಹಂದಿಗೆ ಕಚಗುಳಿ ಇಡ್ತೈತಿ ಅಷ್ಟ," ಅನ್ನುತ್ತಿದ್ದ. ಒಂದು ದಿನ ಹಂದಿಗಳು ತಂತಿಯ ಕೆಳಗೆ ಮಣ್ಣು ಅಗೆದು ನುಗ್ಗಿ ಮೂಲೆಯ ಜೋಳವನ್ನೆಲ್ಲ ನೆಲಕ್ಕೆ ಹಾಸಿದವು. ಸಂಜೆ ಕಾಕಾ ಮಷೀನು ಆರಿಸಿ, ಬೇಲಿಯ ತಂತಿಯನ್ನು ನೇರವಾಗಿ ಪಂಪ್‌ಸೆಟ್ಟಿನ ಲೈನಿಗೆ ಸಿಕ್ಕಿಸಿದ. ನಮಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕುಡಗೋಲು ಹಿಡಿದು ಹೊರಟಾಗ ತಮ್ಮ ಹಲ್ಲುಜ್ಜುತ್ತ ಫೋನು ನೋಡಿದ. "ಹಸಿರೈತಿ ಅಕ್ಕಾ, ಹೋಗು."

ಮಷೀನು ಆರಿದ್ದರಿಂದ ಬೋರ್ಡಿಗೂ ಜೀವವಿರಲಿಲ್ಲ, ಅದು ಏನನ್ನೂ ಕಳಿಸಿರಲಿಲ್ಲ. ಪಟ್ಟಿ ಖಾಲಿ. ಖಾಲಿ ಪಟ್ಟಿ ಎಂದರೆ ಎರಡಕ್ಕಿಂತ ಕಡಿಮೆ. ಸರಿ.

ಕಡಸು ನನಗಿಂತ ಮುಂದೆ ಹೋಗಿ ತಂತಿಗೆ ಮೂತಿ ತಾಗಿಸಿತು. ನಾಲ್ಕೂ ಕಾಲು ಒಮ್ಮೆಲೇ ಸೆಟೆದು ಬಿತ್ತು, ತಂತಿ ಅದರ ಕುತ್ತಿಗೆಗೆ ಸಿಕ್ಕಿಕೊಂಡಿತು. ಝಟಕಾ ತಿಂದು ತಿಂದು ಅಭ್ಯಾಸವಾಗಿದ್ದ ನಾನು ತಂತಿಗೆ ಕೈ ಹಾಕಿದೆ. ಮುಷ್ಟಿ ಮುಚ್ಚಿಕೊಂಡಿತು, ತೆರೆಯಲಿಲ್ಲ. ಬಿಡುವು ಬರುತ್ತದೆ ಎಂದು ಕಾದೆ. ನಿಜಕ್ಕೂ ಕಾದೆ. ಹಲ್ಲು ಕಚ್ಚಿಕೊಂಡು ನಾಲಿಗೆ ಹರಿದು ಬಾಯಿ ತುಂಬ ರಕ್ತ ಬಂತು, ನನ್ನ ಕೈ ಸುಡುವ ವಾಸನೆ ನನ್ನ ಮೂಗಿಗೇ ಬಡಿಯಿತು. ಬಿಡುವು ಬರಲೇ ಇಲ್ಲ.

ಕಾಕಾ ಓಡಿ ಬಂದದ್ದು ಕಾಣಿಸಿತು. ಗುದ್ದಲಿಯ ಮರದ ಕಾವನ್ನು ತಲೆಯ ಮೇಲೆತ್ತಿ, ಹಂದಿಗೆ ಹೊಡೆದಷ್ಟೇ ಜೋರಾಗಿ ನನ್ನ ಮುಂಗೈಗೆ ಹೊಡೆದ. ಎಲುಬು ಮುರಿಯಿತು, ಕೈ ಬಿಟ್ಟಿತು. ಕಡಸು ಅಷ್ಟರಲ್ಲಿ ಸತ್ತಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಕಾಕಾ ಮಂಚದ ಕಾಲಬುಡದಲ್ಲಿ ನಿಂತು, "ಒಂದ್ ರಾತ್ರಿ ಮಟ್ಟಿಗೆ ಹಾಕಿದ್ದೆ, ನಸುಕಿನ್ಯಾಗ ತಗೀಬೇಕಂತ ಮಾಡಿದ್ದೆ. ನಿದ್ದಿ ಹತ್ತಿಬಿಡ್ತು," ಅಂದ. ನನ್ನ ಜೀವಕ್ಕೆ ಕುತ್ತು ತಂದವನೂ ಉಳಿಸಿದವನೂ ಅವನೇ. ತಮ್ಮ ಹತ್ತಿರ ಬಂದ. ಅವನ ಕೆನ್ನೆಗೆ ಎಡಗೈಯಿಂದ ಬಾರಿಸಿದೆ. ಸಾಲದೆ ಮತ್ತೊಂದು ಬಾರಿಸಿದೆ. ಅವನು ಮುಖ ತಿರುಗಿಸದೆ ನಿಂತೇ ಇದ್ದ. ನರ್ಸು ಬಂದು ಅವನನ್ನು ಹೊರಗೆ ಕಳಿಸಿದಳು.

ಈ ಮಳೆಗಾಲ ಬೇಲಿಗೆ ಮತ್ತೆ ಮಷೀನು ಕೂರಿಸಿದ್ದೇವೆ. ಕಾಕಾ ಪಂಪಿನ ಮನೆಯ ಬೀಗದ ಕೈಯನ್ನು ಕೇಳದೆಯೇ ನನ್ನ ಮುಂದಿಟ್ಟು ಹೋದ. ನಾಲ್ಕನೆಯ ಸಾಲನ್ನು ನಾನೇ ಬರೆದೆ, ಎಡಗೈಯಲ್ಲಿ, ಒಂದೊಂದೇ ಅಕ್ಷರ ಒತ್ತುತ್ತ. "ನಾ ಒತ್ತಲೇನ ಅಕ್ಕಾ?" ಎಂದು ತಮ್ಮ ಕೇಳಿದ. ಮುಟ್ಟಿದರೆ ಕೈ ಮುರೀತೀನಿ ಅಂದೆ. ಮಷೀನು ಆರಿಸಿ ನೋಡಿದೆವು, ಕೆಂಪು ಬಂತು. ಹಚ್ಚಿದೆವು, ಹಸಿರು ಬಂತು. ನನಗೆ ಅದರ ಮೇಲೂ ನಂಬಿಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವನಿಗೆ, "ನೀ ಮುಂದ ನಡಿ," ಅಂದೆ. ಕೆಟ್ಟ ಮನಸ್ಸಿನಿಂದಲೇ ಅಂದದ್ದು. ಅವನು ಫೋನನ್ನು ಜೇಬಿಗೆ ಹಾಕಿಕೊಂಡು ಮುಂದೆ ನಡೆದ. ಬೇಲಿಯ ಹತ್ತಿರ ನಿಂತ, ನನ್ನ ಕಡೆ ತಿರುಗಿ ನೋಡಲಿಲ್ಲ, ತಂತಿಯತ್ತ ಕೈ ಚಾಚಿದ. ಹಸಿರು ಇದೆ ಎಂದು ನನಗೆ ಗೊತ್ತಿತ್ತು. ಆದರೂ ಕುಡಗೋಲು ಎಲ್ಲಿ ಬಿತ್ತೋ, ನಾನು ಹೇಗೆ ಓಡಿದೆನೋ ತಿಳಿಯದು. ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಜಗ್ಗಿದೆ, ಇಬ್ಬರೂ ಕೆಸರಿಗೆ ಬಿದ್ದೆವು, ಅವನ ಗುಂಡಿಗಳು ಕಿತ್ತು ಹೋದವು. ಆಮೇಲೆ ಕಾಲರನ್ನು ಬಿಡಲು ನೋಡಿದಾಗಲೇ ಕಂಡದ್ದು, ನಾನು ಹಿಡಿದಿದ್ದುದು ಮೂರು ಬೆರಳಿನ ಬಲಗೈಯಲ್ಲಿ.