ಬ್ರಹ್ಮಾಂಡಕ್ಕೆ ಎರಡು ಉತ್ತರ

ದೆಹಲಿಯ ಮುಖರ್ಜಿ ನಗರದ ಐಎಎಸ್ ಕೋಚಿಂಗಿನಲ್ಲಿ ನಾವು ಪುಸ್ತಕಕ್ಕಿಂತ ಜೆರಾಕ್ಸ್ ನೋಟ್ಸ್ ಓದಿದ್ದೇ ಹೆಚ್ಚು. ಹೊಸ ಸಂಶೋಧನೆಗಳೆಲ್ಲ ಅದರಲ್ಲಿ ಒಂದೊಂದು ಸಾಲಿನಲ್ಲಿರುತ್ತಿದ್ದವು: ಮಿದುಳಿಗೊಂದು ಸಾಲು, ಕಪ್ಪುಕುಳಿಗೊಂದು ಸಾಲು. ಬಾಯಿಪಾಠ ಮಾಡುವುದಷ್ಟೇ ನನ್ನ ಕೆಲಸ.

ಒಂದು ಬೆಳಿಗ್ಗೆ ನೋಡಿದರೆ, ಬ್ರಹ್ಮಾಂಡ ಹಿಗ್ಗುವ ವೇಗಕ್ಕೆ ಹಿಂದಿನ ತಿಂಗಳ ನೋಟ್ಸಿನಲ್ಲಿ ಒಂದು ಸಂಖ್ಯೆ, ಈ ತಿಂಗಳದ್ದರಲ್ಲಿ ಇನ್ನೊಂದು! ನನಗೆ ಮೈಯೆಲ್ಲ ಉರಿದುಹೋಯಿತು. ಅಚ್ಚಿನ ತಪ್ಪೆಂದುಕೊಂಡು ಎರಡನ್ನೂ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯ ಭಯ್ಯಾ ಎರಡರ ಮೇಲೂ ಕಣ್ಣಾಡಿಸಿ, "ದೋನೋ ಸಹೀ ಹೈ, ಸರ್‌ಜೀ," ಎಂದು ಮುಂದಿನ ಗಿರಾಕಿಯತ್ತ ತಿರುಗಿದ.

ಎರಡೂ ಸರಿಯಂತೆ! ಕೋಣೆಗೆ ಬಂದು, ನನ್ನ ಜೊತೆಗಿದ್ದ ದಾವಣಗೆರೆಯ ಗೆಳೆಯನನ್ನು ಕೇಳಿದೆ. ಅವನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವನು.

"ಹೌದು ಕಣೋ, ಎರಡು ರೀತಿ ಅಳೆದ್ರೆ ಎರಡು ಉತ್ತರ ಬರುತ್ತೆ. ಯಾಕೆ ಅಂತ ವಿಜ್ಞಾನಿಗಳಿಗೂ ಗೊತ್ತಾಗಿಲ್ಲ," ಎಂದ.

ನನ್ನ ತಲೆ ಮೊಸರುಗಡಿಗೆಯಾಯಿತು. ನಮ್ಮ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ನನಗೋ ಅದು ಮೂರನೇ ಪ್ರಯತ್ನ.

"ಹಾಗಾದ್ರೆ ನಾನು ಟಿಕ್ ಯಾವುದಕ್ಕೆ ಹಾಕ್ಲಿ?"

ಅವನು ನೋಟ್ಸಿನಿಂದ ತಲೆಯೆತ್ತಲಿಲ್ಲ.

"ಅದು ಗೊತ್ತಿದ್ದಿದ್ರೆ ನಾನ್ಯಾಕೆ ಮುಖರ್ಜಿ ನಗರದಲ್ಲಿ ಇರ್ತಿದ್ದೆ?"