ಟೀಚರ್ ಹೂಂ ಅಂದ ಪ್ರಶ್ನೆ

ಮೊನ್ನೆ ದಾದರ್‌ನಲ್ಲಿ ಲೋಕಲ್ ಹತ್ತಿದಾಗ ಎದುರು ಕೂತಿದ್ದವರೊಬ್ಬರು ಡಬ್ಬಿ ಬಿಚ್ಚಿದರು. ಗುರೆಳ್ಳು ಚಟ್ನಿಪುಡಿಯ ವಾಸನೆ ಬೆವರು, ಸೆಂಟು ಎಲ್ಲವನ್ನೂ ದಾಟಿಕೊಂಡು ಮೂಗಿಗೆ ಬಂತು. ಮೈಸೂರು ಕಡೆಯವನಾದ ನನಗೆ ಆ ಪುಡಿಯ ರುಚಿ ಹತ್ತಿಸಿದವರು, ಹಿಂದೆ ನಾನು ಜೋಗೇಶ್ವರಿಯಲ್ಲಿದ್ದಾಗ ಎದುರುಮನೆಯಲ್ಲಿದ್ದ ಟೀಚರ್. ಅಂಧೇರಿಯಲ್ಲಿ ಇಳಿಯಬೇಕಾದವನು ಅದೇ ಗುಂಗಿನಲ್ಲಿ ಜೋಗೇಶ್ವರಿವರೆಗೂ ಹೋಗಿಬಿಟ್ಟೆ.

ಟೀಚರ್ ಬೆಳಗಾವಿ ಕಡೆಯವರು. ಮುಂಬೈಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಕೆಲಸದ ಮೇಲೆ ಊರೂರು ಸುತ್ತುವವನು. ಸೊಸೆ ಮರಾಠಿಯವರು, ಅತ್ತೆಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಪುಟ್ಟ ಮೊಮ್ಮಗಳಿಗೆ ಬರುತ್ತಿದ್ದದ್ದು ಮರಾಠಿ, ಹಿಂದಿ, ಇಂಗ್ಲಿಷು. ಆ ಮನೆಯಲ್ಲಿ ಯಾರಿಗೂ ಯಾರ ಮೇಲೂ ಕೋಪವಿರಲಿಲ್ಲ, ಆದರೆ ಕನ್ನಡವೂ ಇರಲಿಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, "ಬಾ ತಮ್ಮಾ, ಚಾ ಕುಡಿ ಬಾ" ಎಂದು ಬಾಗಿಲು ತೆರೆಯುತ್ತಿದ್ದರು. ನನ್ನ ಮಾತನ್ನು ಬೆಣ್ಣೆ ಹಚ್ಚಿದ ಕನ್ನಡ ಎಂದು ಆಡಿಕೊಳ್ಳುತ್ತಿದ್ದರು. ಒಬ್ಬನೇ ಇದ್ದ ನನಗೂ ಹಾಗೆ ಯಾರಾದರೂ ಆಡಿಕೊಳ್ಳುವುದು ಬೇಕಾಗಿತ್ತು.

ಮಗ ತಂದುಕೊಟ್ಟ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ನಾನೇ. ಅದರಲ್ಲಿ ಟೀಚರ್ ಆಸ್ತಿ ಎಂದರೆ ಅವರ ಅಕ್ಕನ ಹಾಡುಗಳು. ಊರಿಗೆ ಹೋಗಿದ್ದಾಗ ಅಕ್ಕ ಹೇಳಿದ ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಆಮೇಲೆ ಅಕ್ಕ ತೀರಿಕೊಂಡರು, ಮೊಬೈಲೂ ಕೆಟ್ಟುಹೋಯಿತು. ಹಾಡು ಉಳಿದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ.

ಒಂದು ಬೆಳಿಗ್ಗೆ ನನ್ನನ್ನು ಕರೆದು, "ಇದು ಕನ್ನಡದಾಗ ಮಾತಾಡೂದಿಲ್ಲೇನೋ?" ಎಂದರು. ಸೆಟ್ಟಿಂಗ್ಸ್ ತೆರೆದರೆ ಭಾಷೆಗಳ ಸಾಲಿನಲ್ಲಿ ಕನ್ನಡ ಎಂಬ ಹೆಸರೇ ಬರೀ ಚೌಕಗಳಾಗಿ ಕಾಣುತ್ತಿತ್ತು. ಕನ್ನಡ ಫಾಂಟ್ ಹಾಕಿದೆ, ಭಾಷೆಯ ಪ್ಯಾಕೇಜು ಇಳಿಸಿದೆ, ಕಂಪ್ಯೂಟರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದೆ. ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕನ್ನಡ ಬರುತ್ತದೆ ಎಂದು ಹೇಳಿ ಆಫೀಸಿಗೆ ಓಡಿದೆ.

ಸಂಜೆ ಬಂದಾಗ ಅವರ ಮನೆ ಬಾಗಿಲು ತೆರೆದೇ ಇತ್ತು. ಚಹಾದ ಮಾತಿಲ್ಲ.

"ಅಕ್ಕನ ಹಾಡೆಲ್ಲಾ ಹೋದುವು ತಮ್ಮಾ" ಎಂದರು.

ಪರದೆಯ ಮೇಲೆ ಮೆನುಗಳೆಲ್ಲ ಕನ್ನಡವಾಗಿದ್ದವು. 'ಸಂಗೀತ' ಎಂಬ ಫೋಲ್ಡರ್ ತೆರೆದಿತ್ತು, ಒಳಗೆ ಏನೇನೂ ಇರಲಿಲ್ಲ. ಏನನ್ನಾದರೂ ಒತ್ತಿದಿರಾ ಎಂದು ಕೇಳಿದೆ. ಆನ್ ಆದ ಕೂಡಲೇ ಅದು ಏನೋ ಕೇಳಿತಂತೆ, ಇವರು ಹೂಂ ಎಂದು ಒತ್ತಿದರಂತೆ. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಜೀವಮಾನವಿಡೀ ಹೇಳಿದವರು!

"ಪೂರ್ತಿ ಓದ್ಲಿಲ್ವಾ ಟೀಚರ್?"

"ಎಲ್ಲಿ ಓದ್ಲೋ... ಕನ್ನಡದಾಗ ಕೇಳಿತು. ಈ ಮನ್ಯಾಗ ನನ್ನ ಕನ್ನಡದಾಗ ಯಾರರೆ ಏನರೆ ಕೇಳಿ ಎಷ್ಟ ವರ್ಷ ಆತು. ಇಲ್ಲ ಅನ್ನಾಕ ಮನಸ್ಸಾಗಲಿಲ್ಲ."

ನಾನು ಮೌಸ್ ಹಿಡಿದೆ. ಅದು ಕೇಳಿದ್ದು, ಫೋಲ್ಡರುಗಳ ಹೆಸರನ್ನೂ ಕನ್ನಡಕ್ಕೆ ಬದಲಿಸಲೇ ಎಂದು. ಹೂಂ ಎಂದರೆ ಅದು ಕನ್ನಡ ಹೆಸರಿನ ಹೊಸ ಫೋಲ್ಡರುಗಳನ್ನು ಮಾಡಿ ಅವನ್ನೇ ಕಣ್ಣೆದುರು ಇಡುತ್ತದೆ. ಹಳೆಯದರಲ್ಲಿದ್ದದ್ದನ್ನು ಮಾತ್ರ ಹೊಸದಕ್ಕೆ ತಂದುಹಾಕುವುದಿಲ್ಲ. ಇದು ಹೊಳೆದು ಹುಡುಕಿದರೆ, ಇಂಗ್ಲಿಷ್ ಹೆಸರಿನ ಹಳೆಯ ಫೋಲ್ಡರ್ ಹಾಗೆಯೇ ಇತ್ತು, ಅದರ ತುಂಬ ಹಾಡು.

"ಎಲ್ಲೂ ಹೋಗಿಲ್ಲ, ಇಲ್ಲೇ ಇವೆ ನೋಡಿ" ಎಂದು ಅವನ್ನೆಲ್ಲ 'ಸಂಗೀತ'ಕ್ಕೆ ಸಾಗಿಸಿ ಒಂದನ್ನು ಹಾಕಿದೆ. ಅಕ್ಕನ ಒಡಕು ದನಿ ಕೇಳಿದ್ದೇ ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ...

ಕೆಲವು ವರ್ಷಗಳ ಮೇಲೆ ನಾನು ಅಂಧೇರಿಗೆ ಮನೆ ಬದಲಿಸಿದೆ. ಟೀಚರ್ ತೀರಿಕೊಂಡರೆಂದು ತಿಳಿದದ್ದು ತಡವಾಗಿ, ಯಾರದೋ ಬಾಯಿಂದ. ಆಮೇಲೆ ಆ ಕಡೆ ಹೋಗಲು ಕಾಲೇ ಬಂದಿರಲಿಲ್ಲ.

ಮೊನ್ನೆ ಹೇಗೂ ಜೋಗೇಶ್ವರಿಯಲ್ಲಿ ಇಳಿದಾಗಿತ್ತಲ್ಲ, ಹೋದೆ. ಬಾಗಿಲು ತೆರೆದವಳು ಮೊಮ್ಮಗಳು. ಈಗ ಕಾಲೇಜು ಹುಡುಗಿ, ನನ್ನ ಗುರುತು ಹಿಡಿದಳು. ಅಜ್ಜಿಯ ಕಂಪ್ಯೂಟರಿನಲ್ಲಿದ್ದ ಹಾಡುಗಳನ್ನು ತನ್ನ ಮೊಬೈಲಿಗೆ ಹಾಕಿಕೊಂಡಿದ್ದಾಳಂತೆ. ಒಂದು ಹಾಡಿನ ಕೊನೆಯನ್ನು ಕೇಳಿಸಿದಳು. ಅಕ್ಕ ಹಾಡು ನಿಲ್ಲಿಸಿ ಕೆಮ್ಮಿದರು. ಹಿಂದೆಯೇ ಟೀಚರ್ ದನಿ ಬಂತು.

"ಅಂಕಲ್, ಆಜಿ ಇಧರ್ ಕ್ಯಾ ಬೋಲ್ ರಹೀ ಹೈ?"

ಅಜ್ಜಿ ಇಲ್ಲಿ ಏನು ಹೇಳುತ್ತಿದ್ದಾರೆ ಎಂದು ಅವಳ ಪ್ರಶ್ನೆ. ಟೀಚರ್ ಹೇಳಿದ್ದು, "ಅಕ್ಕಾ, ಗಂಟಲಾ ಒಣಗೇತಿ ನಿಂದು. ಒಂದೀಟು ನೀರ ಕುಡಿ" ಎಂದು. ಅದನ್ನೇ ಹಿಂದಿಯಲ್ಲಿ ಹೇಳಿದೆ.

"ಬಸ್? ಇತನಾ ಹೀ?"

ಇಷ್ಟೇ ಎಂದೆ. ಅವಳು ಮತ್ತೊಮ್ಮೆ ಹಾಕಿದಳು. ಅಜ್ಜಿಯ ದನಿ ಬಂದಾಗ ಅದರ ಜೊತೆಯಲ್ಲೇ, ತಡವರಿಸುತ್ತ, ಆ ಮಾತನ್ನು ತಾನೂ ಅಂದಳು. ಸರಿಯಾಗಿಯೇ ಅಂದಳು. ಕೇಳಲು ಟೀಚರ್ ಇರಲಿಲ್ಲ.